ಮಾವಿನೆಲೆ ಮಾತ್ರೆ ಅಲ್ಲ ಕಣ್ರವ್ವ

ಕೆ.ಬಿ. ಕ್ರಾಸಿಂದ ತಿಪಟೂರುಗಂಟ ಯಾರ ಮನೆಗೋದ್ರೂ ಒಂದೇ ಮಾತು: ಮಾವಿನ ಚಿಗುರೆಲೆ ಕಷಾಯ ಕುಡುದ್ರೆ ಸಕ್ಕರೆ ಕಾಯಿಲೆ ವಾಸಿ ಆಯ್ತದಂತೆ, ಅಜ್ಜಿ ಕಾಲದ ಮದ್ದಂತೆ. ಅಜ್ಜಿ ಕಾಲದಲ್ಲಿ ಸಕ್ಕರೆ ಅಳೆದೋರು ಯಾರ್ರವ್ವ?

ನಮ್ಮಜ್ಜಿಗೆ ತೋಟದ ನಾಟಿ ಮಾವಿಲ್ಲದೆ ಅಡುಗೇನೇ ಇರಲಿಲ್ಲ. ಯುಗಾದಿಗೆ ಕಾಯಿತುರಿ ಚಿತ್ರಾನ್ನ, ಮಿಡಿ ಉಪ್ಪಿನಕಾಯಿ, ಬಿಸಿಲಿಗೆ ಬೇಯಿಸಿದ ಕಾಯಿ ಪಾನಕ. ಹೊಟ್ಟೆ ಕೆಟ್ಟರೆ ಒಣಗಿದ ವಾಟೆಯೊಳಗಿನ ಬೀಜ ತೇದು ಮಜ್ಜಿಗೇಲಿ ಕೊಡೋರು. ಭೇದಿ ನಿಲ್ಲದಿದ್ರೆ ಮಾತ್ರ ಮಗೂನ ಎತ್ಕಂಡು ಆಸ್ಪತ್ರೆಗೇ ಹೊರಡೋರು.

ನಮ್ಮ ಅತ್ತಿಗೆ ಕಷಾಯ ನಂಬಿ ಮಾತ್ರೆ ಬಿಟ್ಟರು. ಕಾಲಿನ ಗಾಯ ಮಾಯದೆ ಎರಡು ತಿಂಗಳು ಹಾಸಿಗೆ ಹಿಡಿದರು. ಕಷಾಯ ಹೇಳಿಕೊಟ್ಟೋರು ಒಬ್ಬರೂ ನೋಡೋಕೆ ಬರಲಿಲ್ಲ.

ಎಲೆ ತೋರಣ ಕಟ್ರಿ, ಕಾಯಿ ತಿನ್ರಿ. ಡಾಕ್ಟರನ್ನ ಕೇಳದೆ ಮಾತ್ರೆ ಮಾತ್ರ ಬಿಡಬ್ಯಾಡಿ.