ಯಂತ್ರ ಒಂದು, ನೆಲ ಹಲವು

ನೆಲ ಉಜ್ಜುವ ಯಂತ್ರ ಒಂದೇ ಓಟದಲ್ಲಿ ಮೂರು ಕೆಲಸ ಮುಗಿಸುತ್ತದೆ: ಮಾರ್ಜಕ ಬೆರೆತ ನೀರನ್ನು ನೆಲಕ್ಕೆ ಬಿಡುತ್ತದೆ, ತಿರುಗುವ ಬ್ರಷ್ಷಿನಿಂದ ಕೊಳೆ ಎಬ್ಬಿಸುತ್ತದೆ, ಹಿಂಬದಿಯ ರಬ್ಬರ್ ಪಟ್ಟಿಯಿಂದ ಆ ನೀರನ್ನು ಬಳಿದು ಬೇರೆ ಟ್ಯಾಂಕಿಗೆ ಹೀರಿಕೊಳ್ಳುತ್ತದೆ. ಇವುಗಳಲ್ಲಿ ಮೂರನೆಯದೇ ಹೆಚ್ಚಿನದು. ಬಕೆಟ್ಟು ಮತ್ತು ಮಾಪಿನ ಕೆಲಸದಲ್ಲಿ ಹತ್ತಾರು ಸಲ ಅದ್ದಿ ಹಿಂಡುವಷ್ಟರಲ್ಲಿ ಬಕೆಟ್ಟಿನ ನೀರೇ ರಾಡಿಯಾಗಿರುತ್ತದೆ. ಆಸ್ಪತ್ರೆಯಲ್ಲಾದರೆ ಒಂದು ವಾರ್ಡಿನ ಕೊಳೆ ಇನ್ನೊಂದು ವಾರ್ಡಿಗೆ ಸಾಗುತ್ತದೆ. ಯಂತ್ರದಲ್ಲಿ ಶುದ್ಧ ನೀರು, ಕೊಳೆನೀರು ಎಂದೂ ಬೆರೆಯುವುದಿಲ್ಲ. ನೆಲ ಬೇಗ ಒಣಗುವುದರಿಂದ ಓಡಾಡುವವರು ಜಾರಿ ಬೀಳುವ ಭಯವೂ ಕಡಿಮೆ.

ಎಲ್ಲ ಬಗೆಯ ನೆಲಕ್ಕೂ ಇದೊಂದೇ ಸಾಕು ಎಂದು ಮಾರುವವರು ಹೇಳುತ್ತಾರೆ. ಯಂತ್ರ ಒಂದೇ ಇರಬಹುದು. ಅದಕ್ಕೆ ಹಾಕುವ ಪ್ಯಾಡು, ಬ್ರಷ್ಷು, ರಾಸಾಯನಿಕ ಒಂದೇ ಆಗಲಾರವು. ಬಿಳಿ ಪ್ಯಾಡು ಹೊಳಪಿಗೆ, ಕೆಂಪು ದಿನನಿತ್ಯದ ತೊಳೆತಕ್ಕೆ, ಹಸಿರು ಗಟ್ಟಿ ಕೊಳೆಗೆ, ಕಪ್ಪು ಹಳೆಯ ಲೇಪವನ್ನೇ ಕಿತ್ತು ತೆಗೆಯುವುದಕ್ಕೆ. ರೆಡ್ ಆಕ್ಸೈಡ್ ನೆಲದ ಮೇಲೆ ಕಪ್ಪು ಪ್ಯಾಡು ಓಡಿಸಿದರೆ ವರ್ಷಗಟ್ಟಲೆ ಕಾಲಾಡಿ ಬಂದ ಹೊಳಪು ಒಂದೇ ದಿನದಲ್ಲಿ ಹೋದಂತೆ. ಟೈಲ್ಸಿನ ಸಂದುಗಳಿಗೆ, ಒರಟು ಸಿಮೆಂಟಿಗೆ ಚಪ್ಪಟೆ ಪ್ಯಾಡಿಗಿಂತ ಉರುಳೆಯಾಕಾರದ ಬ್ರಷ್ಷು ವಾಸಿ.

ಚಿತ್ರದುರ್ಗದ ಕಡೆ ಈ ಲೆಕ್ಕ ಇನ್ನಷ್ಟು ತೊಡಕಿನದು. ಹೊಸದುರ್ಗ, ಹೊಳಲ್ಕೆರೆಗಳ ಕೆಮ್ಮಣ್ಣಿನ ಧೂಳು ಗಾಳಿಯೊಂದಿಗೆ ಒಳಬರುತ್ತದೆ. ಅದನ್ನು ಮೊದಲು ಒಣಗಿದ್ದಾಗಲೇ ಗುಡಿಸದೆ ನೀರು ಬಿಟ್ಟರೆ ಕೆಸರಾಗಿ ಟ್ಯಾಂಕಿನ ತಳಕ್ಕೆ ಕೂರುತ್ತದೆ. ಎಂಥ ಯಂತ್ರ ಬಂದರೂ ಕಸಬರಿಗೆಗೆ ಬಿಡುವಿಲ್ಲ. ಅದಕ್ಕಿಂತ ದೊಡ್ಡ ಕಾಟ ಬೋರ್‌ವೆಲ್ಲಿನ ಗಡಸು ನೀರಿನದು. ಅದು ಯಂತ್ರದ ಪೈಪು, ವಾಲ್ವುಗಳಲ್ಲಿ ಸುಣ್ಣ ಕಟ್ಟುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬದಲು ಅದನ್ನೇ ಸುರಿದರೆ ಪ್ಲೇಟುಗಳು ಹಾಳಾಗುತ್ತವೆ. ನೆಲದ ಮೇಲೂ ಬಿಳಿ ಕಲೆ ಉಳಿಸುತ್ತದೆ.

ಆ ಕಲೆ ತೆಗೆಯಲು ಕೈಗೆ ಬರುವುದು ಆಸಿಡ್. ಗ್ರಾನೈಟು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಶಹಾಬಾದ್ ಕಲ್ಲು, ಕಡಪ ಕಲ್ಲು ತಾಳವು, ಅವು ಸುಣ್ಣಕಲ್ಲುಗಳು. ಕಲೆಯೂ ಕ್ಯಾಲ್ಸಿಯಂ ಕಾರ್ಬೊನೇಟು, ಕಲ್ಲೂ ಅದೇ. ಆಸಿಡ್‌ಗೆ ಎರಡರ ನಡುವಿನ ಭೇದ ತಿಳಿಯದು. ನೊರೆಯೆದ್ದದ್ದನ್ನು ಕಂಡು ಕೊಳೆ ಹೋಗುತ್ತಿದೆ ಎಂದುಕೊಂಡರೆ ಹೋಗುತ್ತಿರುವುದು ಕಲ್ಲಿನ ಮೈ. ಬ್ಲೀಚಿಂಗ್ ಪೌಡರು ಚೆಲ್ಲಿದ ಜಾಗಕ್ಕೆ ಆಸಿಡ್ ಸುರಿದರಂತೂ ಕ್ಲೋರಿನ್ ಅನಿಲ ಎದ್ದು ಉಜ್ಜುವವರ ಪುಪ್ಪುಸಕ್ಕೇ ಕುತ್ತು.

ಯಂತ್ರ ಕಾಲಿಡಬಾರದ ನೆಲಗಳೂ ಇವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೆರೆಯ ಕೆಲಸ ಕುರಿತ ಆ ಬರಹ ಈಗಾಗಲೇ ಸವೆದಿದೆ. ಹತ್ತಿರದ ಅಂಕಲಿ ಮಠದ ಗುಹೆಗಳ ಗೋಡೆಗಳಲ್ಲಿ ಹಳೆಯ ಬಣ್ಣದ ಚಿತ್ತಾರಗಳಿವೆ. ಇಂಥಲ್ಲಿ ಸ್ವಚ್ಛತೆಯೆಂದರೆ ಪ್ರವಾಸಿಗರು ಬಿಟ್ಟ ಪ್ಲಾಸ್ಟಿಕ್ಕು ಆರಿಸುವುದು, ಮೆದು ಕಸಬರಿಗೆಯಿಂದ ಧೂಳು ಸರಿಸುವುದು. ಉಳಿದದ್ದು ಸಂರಕ್ಷಣೆ ಬಲ್ಲವರ ಕೆಲಸ. ಎಲ್ಲವನ್ನೂ ಫಳಫಳ ಹೊಳೆಯಿಸುವ ಹಂಬಲಕ್ಕೆ ಇಲ್ಲಿ ಜಾಗವಿಲ್ಲ.

ಹೀಗಿರುವಾಗ ಯಂತ್ರ ಬಂದರೆ ಕುಶಲತೆ ಬೇಕಿಲ್ಲ, ಇಬ್ಬರ ಬದಲು ಒಬ್ಬರು ಸಾಕು ಎಂಬ ವಾದ ನಿಲ್ಲುವುದಿಲ್ಲ. ಯಂತ್ರದಿಂದ ಸೊಂಟ, ಮೊಣಕಾಲಿಗೆ ಬಿಡುಗಡೆ ಸಿಗುತ್ತದೆ. ಅದು ಸಣ್ಣ ಮಾತಲ್ಲ. ಆದರೆ ಈ ಕಲ್ಲು ಯಾವುದು, ಯಾವ ಪ್ಯಾಡು, ಎಷ್ಟು ಮಾರ್ಜಕ, ರಬ್ಬರ್ ಪಟ್ಟಿ ಸವೆದಿದೆಯೇ ಎಂಬ ತೀರ್ಮಾನಗಳು ಯಂತ್ರ ಹಿಡಿದವರ ತಲೆಗೇ ಬೀಳುತ್ತವೆ. ಆ ಕೈ ಹೆಚ್ಚಾಗಿ ಗುತ್ತಿಗೆಯ ಮಹಿಳೆಯದು. ವೇತನದ ಪಟ್ಟಿಯಲ್ಲಿ ಮಾತ್ರ ಗುಡಿಸುವವರು ಸಾಮಾನ್ಯವಾಗಿ ಅಕುಶಲ ವರ್ಗದಲ್ಲೇ ಇರುತ್ತಾರೆ. ಯಂತ್ರ ಕೊಳ್ಳುವ ಆಸ್ಪತ್ರೆಯೋ ಕಾಲೇಜೋ ಟೆಂಡರಿನಲ್ಲಿ ಟ್ಯಾಂಕಿನ ಲೀಟರು, ಬ್ಯಾಟರಿಯ ವೋಲ್ಟಿನ ಜೊತೆಗೆ ಅವರಿಗೆ ಕೆಲಸದ ಅವಧಿಯಲ್ಲೇ ತರಬೇತಿ, ಆಪರೇಟರ್ ಎಂಬ ಹುದ್ದೆ, ಅದಕ್ಕೆ ತಕ್ಕ ದರವನ್ನೂ ನಮೂದಿಸಬೇಕು. ಕೆಟ್ಟ ನೆಲವನ್ನು ಮತ್ತೆ ಪಾಲಿಶ್ ಮಾಡಿಸುವ ಖರ್ಚಿನ ಮುಂದೆ ಆ ವ್ಯತ್ಯಾಸ ದೊಡ್ಡದಲ್ಲ.