ಗಾಡಿ ಸುಮ್ಮನಾದ ವಾರ

ನಮ್ಮ ಮನೆ ತ್ಯಾವರೆಕೊಪ್ಪದಲ್ಲಿ. ಶಿವಮೊಗ್ಗದಿಂದ ಸಾಗರದ ಕಡೆ ಸುಮಾರು 10 ಕಿ.ಮೀ. ಬಂದರೆ ಹುಲಿ-ಸಿಂಹಧಾಮ ಸಿಗುತ್ತಲ್ಲ, ಅದೇ ಊರು. 'ಹಾಗಾದ್ರೆ ನೀವು ಸಿಂಹದ ಸದ್ದಿಗೆ ಏಳ್ತೀರಾ?' ಅಂತ ಬೆಂಗಳೂರಿನ ಆಫೀಸಲ್ಲಿ ಎಲ್ಲರೂ ಕೇಳ್ತಾರೆ. ಬೆಳಗಿನ ಜಾವ ಸಿಂಹ ಕೂಗೋದು ಕೇಳಿಸುತ್ತೆ, ಸುಳ್ಳಲ್ಲ. ಆದರೆ ನಮ್ಮನ್ನು ಎಬ್ಬಿಸುತ್ತಿದ್ದದ್ದು ಅಪ್ಪನ ಗಾಡಿ.

ಏಳು ಜನ ಕೂರುವ ಹಳೇ ಡೀಸೆಲ್ ಗಾಡಿ ಅದು. ಕಂಪನಿ ಹೆಸರು ಬೇಡ ಬಿಡಿ, ಪಾಪ ಅದರದ್ದೇನೂ ತಪ್ಪಿಲ್ಲ. ಅಪ್ಪ ಆರು ಗಂಟೆಗೆ ಕೀ ತಿರುಗಿಸಿದರೆ ಬಾನೆಟ್ ಒಳಗಿಂದ 'ಗುಂಯ್ಯ್' ಅಂತ ಹಿಟ್ಟಿನ ಗಿರಣಿ ಶುರುವಾದ ಹಾಗೆ ಸದ್ದು. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತೆ. ಗೇಟು ದಾಟಿ ಮುಖ್ಯರಸ್ತೆಗೆ ಬರುವಷ್ಟರಲ್ಲಿ ಯಾರೋ ಸ್ವಿಚ್ ಆರಿಸಿದ ಹಾಗೆ ಮಾಯ. ಡಿಸೆಂಬರ್ ಚಳಿಯಲ್ಲಂತೂ ಇನ್ನೂ ಜೋರು. ಅಮ್ಮ ಅಡುಗೆಮನೆಯಿಂದಲೇ 'ನಿಮ್ಮ ಸಿಂಹಕ್ಕೆ ಮೊದಲು ತಿಂಡಿ ಹಾಕಿ' ಅಂತಿದ್ದಳು.

ನನಗೆ ಮಾತ್ರ ಅದು ತಮಾಷೆ ಅನ್ನಿಸಿರಲಿಲ್ಲ. ರಜೆಗೆ ಹೋದಾಗ ಸದ್ದನ್ನು ರೆಕಾರ್ಡ್ ಮಾಡಿ ಗೆಳೆಯರ ಗ್ರೂಪಿಗೆ ಹಾಕಿದೆ. ಒಬ್ಬ ಟರ್ಬೋ ಅಂದ, ಇನ್ನೊಬ್ಬಳು ಬೆಲ್ಟು ಅಂದಳು. ಬೆಂಗಳೂರಿನ ಒಂದು ಗ್ಯಾರೇಜಿನವರು ಆ ಕ್ಲಿಪ್ ಕೇಳಿಯೇ 'ಫ್ಯಾನ್ ಕ್ಲಚ್ ಜಾಮ್ ಮೇಡಂ, ಪೂರ್ತಿ ಬದಲಾಯಿಸ್ಬೇಕು' ಅಂತ ನನ್ನ ಒಂದು ತಿಂಗಳ ಇಎಂಐ ಅಷ್ಟು ಮೊತ್ತ ಹೇಳಿದರು. ಅಪ್ಪ ಒಪ್ಪಲಿಲ್ಲ. 'ಹೋಗೇ, ತಂದ ದಿನದಿಂದ ಹಿಂಗೇ ಕೂಗುತ್ತೆ ಅದು.'

ಕೊನೆಗೆ ಅಪ್ಪನನ್ನು ಒಪ್ಪಿಸೋಕೆ ಅಂತ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿರುವ ನಮ್ಮ ಹಳೇ ಮೇಸ್ತ್ರಿ ಹತ್ತಿರ ಕರ್ಕೊಂಡು ಹೋದೆ. ಅವರು ಅಪ್ಪನ ಪಾರ್ಟಿ ಸೇರಿಬಿಟ್ಟರು. 'ಜೋನಿಬೆಲ್ಲ ತಿಂದಿದೀರಾ ಮೇಡಂ?' ಅಂತ ಶುರು ಮಾಡಿದರು.

ಮಲೆನಾಡಿನವಳಿಗೆ ಕೇಳೋ ಪ್ರಶ್ನೆಯಾ ಅದು!

ಎರಡು ತಟ್ಟೆಗಳ ನಡುವೆ ಜೋನಿಬೆಲ್ಲ ಹಚ್ಚಿ ಒಂದನ್ನು ತಿರುಗಿಸಿದರೆ ಇನ್ನೊಂದನ್ನೂ ಅದು ಎಳ್ಕೊಂಡು ಹೋಗುತ್ತೆ. ಬೆಲ್ಲ ತೆಗೆದರೆ ಒಂದು ತಿರುಗುತ್ತೆ, ಇನ್ನೊಂದು ಸೋಮಾರಿ ಥರ ಅಲ್ಲೇ ತೂಕಡಿಸುತ್ತೆ. ಫ್ಯಾನ್ ಕ್ಲಚ್ ಅಂದರೆ ಇಷ್ಟೇ. ಒಂದು ತಟ್ಟೆಯನ್ನು ಎಂಜಿನ್ ತಿರುಗಿಸುತ್ತೆ, ಇನ್ನೊಂದಕ್ಕೆ ಫ್ಯಾನಿನ ರೆಕ್ಕೆಗಳು ಅಂಟಿಕೊಂಡಿವೆ. ನಡುವೆ ಇರೋದು ಬೆಲ್ಲದ ಬದಲು ಸಿಲಿಕೋನ್ ಎಣ್ಣೆ. ಬೆಲ್ಲ ಬಿಸಿಯಾದರೆ ನೀರಾಗುತ್ತೆ, ಸಿಲಿಕೋನ್ ಎಣ್ಣೆ ಅಷ್ಟು ಸುಲಭಕ್ಕೆ ತೆಳುವಾಗಲ್ಲ. ಅದಕ್ಕೇ ಅದನ್ನು ಆರಿಸಿಕೊಂಡಿದ್ದು.

ಫ್ಯಾನ್ ಸದಾ ಪೂರ್ತಿ ವೇಗದಲ್ಲಿ ತಿರುಗಬೇಕಾಗಿಲ್ಲ. ಗಾಡಿ 60-70ರಲ್ಲಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರ್‌ಗೆ ಸಾಕು. ಆಗಲೂ ಫ್ಯಾನ್ ಜೋರಾಗಿ ತಿರುಗಿದರೆ ಎಂಜಿನ್ ಶಕ್ತಿಯೂ ಡೀಸೆಲ್ಲೂ ದಂಡ. ಹಾಗಾಗಿ ಬೇಡದಾಗ ಎಣ್ಣೆ ಪಕ್ಕದ ಪುಟ್ಟ ಗೂಡಿನಲ್ಲಿ ಕೂತಿರುತ್ತೆ. ಕ್ಲಚ್ಚಿನ ಮುಖದ ಮೇಲೆ ಸೊಳ್ಳೆಬತ್ತಿ ಆಕಾರದ ಒಂದು ಸುರುಳಿ ಇದೆ, ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ್ದು. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಸುರುಳಿ ತಿರುಚಿಕೊಂಡು ಗೂಡಿನ ಬಾಗಿಲು ತೆರೆಯುತ್ತೆ, ಎಣ್ಣೆ ತಟ್ಟೆಗಳ ನಡುವೆ ಇಳಿಯುತ್ತೆ, ಫ್ಯಾನ್ ಹಿಡ್ಕೊಳ್ಳುತ್ತೆ. ಗಾಳಿ ತಣ್ಣಗಾದರೆ ಬಾಗಿಲು ಬಂದ್. ವೈರಿಲ್ಲ, ಸೆನ್ಸರ್ ಇಲ್ಲ. ದಿನವಿಡೀ ಕೋಡ್ ಬರೆಯುವ ನನಗೆ ಇದು ಕೇಳಿ ಸ್ವಲ್ಪ ಹೊಟ್ಟೆಕಿಚ್ಚಾಯ್ತು.

'ಎಂಜಿನ್ ತಣ್ಣಗಿದ್ದಾಗ ಫ್ಯಾನ್ ಬೇಡ ಅಂತೀರಿ, ಬೆಳಿಗ್ಗೆ ಮತ್ಯಾಕೆ ಕೂಗುತ್ತೆ?' ಅಂದೆ.

ರಾತ್ರಿಯಿಡೀ ಗಾಡಿ ನಿಂತಿರುತ್ತಲ್ಲ, ಆಗ ಗೂಡಿನ ಎಣ್ಣೆ ತನ್ನ ಭಾರಕ್ಕೆ ತಾನೇ ಜಿನುಗಿ ತಟ್ಟೆಗಳ ನಡುವೆ ಬಂದು ಸೇರುತ್ತೆ. ಚಳಿಗೆ ಗಟ್ಟಿಯೂ ಆಗಿರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡೂ ತಟ್ಟೆ ಒಟ್ಟಿಗೆ ತಿರುಗುತ್ತವೆ, ಫ್ಯಾನ್ ಗರ್ಜಿಸುತ್ತೆ. ತಿರುಗ್ತಾ ತಿರುಗ್ತಾ ಎಣ್ಣೆ ಅಂಚಿಗೆ ಎರಚಿಕೊಂಡು, ಅಲ್ಲಿರುವ ಸಣ್ಣ ತೂತಿನಿಂದ ವಾಪಸ್ ಗೂಡಿಗೆ ಹೋಗುತ್ತೆ. ಇದಕ್ಕೆ ಒಂದೆರಡು ನಿಮಿಷ ಬೇಕು. ಹಿಂದಿನ ದಿನ ಆಫ್ ಮಾಡಿದಾಗ ಕ್ಲಚ್ ಯಾವ ಭಂಗಿಯಲ್ಲಿ ನಿಂತಿತ್ತು ಅನ್ನೋದರ ಮೇಲೆ ಒಂದು ದಿನ ಸದ್ದು ಜಾಸ್ತಿ, ಒಂದು ದಿನ ಕಮ್ಮಿ. ನಿಮಿಷಗಟ್ಟಲೆ ಓಡಿಸಿದ ಮೇಲೂ ನಿಲ್ಲದೇ ಕೂಗಿದರೆ ಆಗ ಜಾಮ್ ಅಂತ ಅನುಮಾನ ಪಡಬೇಕು. ನಿಮ್ಮ ಆಲ್ಟೋ, ಸ್ವಿಫ್ಟ್‌ಗಳಲ್ಲಿ ಇದ್ಯಾವುದೂ ಇಲ್ಲ, ಅಲ್ಲಿ ಕರೆಂಟ್ ಫ್ಯಾನು. ಎಂಜಿನ್ ಉದ್ದಕ್ಕೆ ಕೂತಿರುವ ಕ್ವಾಲಿಸ್, ಸುಮೋ, ಹಳೇ ಇನ್ನೋವಾ ಥರದ ಗಾಡಿಗಳ ಸಂಗತಿ ಇದು.

ಅಪ್ಪ ಗೆದ್ದ ಮುಖ ಮಾಡ್ಕೊಂಡು ಮನೆಗೆ ಬಂದರು. ನಾನು ವಿಷಯ ಮರೆತೆ.

ಹೋದ ಬೇಸಿಗೆಯಲ್ಲಿ ಒಂದು ವಾರ ಊರಲ್ಲಿದ್ದೆ. ಗಾಡಿ ಕೂಗಲೇ ಇಲ್ಲ. ಎರಡು ದಿನ, ಮೂರು ದಿನ, ನಾಲ್ಕು ದಿನ, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬರೀ ಎಂಜಿನ್ ಸದ್ದು. ಅಮ್ಮನಿಗೆ ಖುಷಿ. 'ಸೆಕೆ ಅಲ್ವಾ, ಅದಕ್ಕೆ' ಅಂದರು ಅಪ್ಪ. 'ಅಂತೂ ತಾನೇ ಸರಿಹೋಯ್ತು ನೋಡಿ' ಅಂದವಳು ನಾನು. ಮೇಸ್ತ್ರಿ ಅಷ್ಟೆಲ್ಲ ಬಿಡಿಸಿ ಹೇಳಿದ್ದರೂ, ಸದ್ದು ಪೂರ್ತಿ ನಿಂತರೆ ಏನರ್ಥ ಅಂತ ನಾನು ಕೇಳಿರಲೇ ಇಲ್ಲ.

ಅದೇ ವಾರ ಅಮ್ಮನಿಗೆ ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯ್ತು. ಮಾರನೇ ದಿನ ತೋರಿಸಿಕೊಂಡು ಹೆಬ್ರಿ, ಸೋಮೇಶ್ವರದ ಮೇಲೆ ವಾಪಸ್ ಹೊರಟೆವು. ಕಣ್ಣಿಗೆ ಧೂಳು ತಾಗಬಾರದು, ಬೆವರು ಇಳಿಯಬಾರದು, ಕೈಯಂತೂ ಮುಟ್ಟಲೇಬಾರದು. ಕಿಟಕಿ ಏರಿಸಿ ಏಸಿ ಹಾಕಿದ್ದೆವು. ಬಯಲಲ್ಲಿ ಏನೂ ತೊಂದರೆಯಿಲ್ಲ, ಮುಳ್ಳು ನೆಟ್ಟಗೆ ನಡುವೆ.

ಆಗುಂಬೆ ಘಾಟಿ ಶುರುವಾಯ್ತು. 14 ತಿರುವು. ಎರಡನೇ ಗೇರು, ವೇಗ 20 ಇದ್ದರೆ ಹೆಚ್ಚು, ಎದುರು ಗಾಳಿ ಇಲ್ಲವೇ ಇಲ್ಲ. ಎಂಜಿನ್ ಜೀವ ಹಿಡ್ಕೊಂಡು ಹತ್ತುತ್ತಿದೆ. ಅರ್ಧ ಘಾಟಿಯಲ್ಲಿ ಅಪ್ಪ ಇದ್ದಕ್ಕಿದ್ದಂತೆ ಏಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿದರು. ಮುಳ್ಳು ನಡು ದಾಟಿ ಕೆಂಪಿನ ಕಡೆ ಹೊರಟಿತ್ತು. ಹೀಟರ್ ಹಾಕಿದರೆ ಎಂಜಿನ್ನಿನ ಒಂದಷ್ಟು ಬಿಸಿ ಗಾಡಿಯೊಳಗೆ ಬಂದು ಅದರ ಹೊರೆ ತಗ್ಗುತ್ತೆ. ಆ ಬಿಸಿಯೆಲ್ಲ ಕಪ್ಪು ಕನ್ನಡಕ ಹಾಕಿ ಕೂತ ಅಮ್ಮನ ಮುಖಕ್ಕೆ. ಹಣೆಯಿಂದ ಬೆವರು ಇಳೀತಿತ್ತು. ಒರೆಸೋಕೆ ಸೆರಗು ಎತ್ತಿದವಳ ಕೈಯನ್ನು ನಾನು ಹಿಡ್ಕೊಂಡೆ. ಅವಳು ಏನೂ ಮಾತಾಡಲಿಲ್ಲ.

ಅಗಲವಾಗಿದ್ದ ಒಂದು ತಿರುವಲ್ಲಿ ಅಪ್ಪ ಅಂಚಿಗೆ ಹಾಕಿ ಆಫ್ ಮಾಡಿದರು. ಟೈರಿಗೆ ಕಲ್ಲು ಕೊಟ್ಟೆ. ಹಿಂದಿನ ಗಾಡಿಯವರು ಹಾರನ್ ಹೊಡೆದು ಬೈದು ಹೋದರು. ಅಮ್ಮನ ಹಣೆಯನ್ನು ಶುದ್ಧ ಹತ್ತಿಯಿಂದ ಒತ್ತಿ, ಕೈ ತೊಳೆದು ಔಷಧದ ಹನಿ ಹಾಕಿದೆ. ಬಾನೆಟ್ ಎತ್ತಿದ ಅಪ್ಪ, 'ರೇಡಿಯೇಟರ್ ಮುಚ್ಚಳದ ಹತ್ರ ಕೈ ತರಬೇಡ' ಅಂತ ಎರಡು ಸಲ ಹೇಳಿದರು. ಒಳಗಿನ ಒತ್ತಡದಿಂದ ಮಾತ್ರ ಕುದಿಯದೆ ಉಳಿದಿರುವ ನೀರು ಅದು. ಮುಚ್ಚಳ ಬಿಚ್ಚಿದ ಕ್ಷಣ ಮುಖಕ್ಕೆ ಉಕ್ಕುತ್ತೆ.

ಕಾಡು ನಿಶ್ಶಬ್ದ. ಆಗ ನನಗೆ ಹೊಳೆಯಿತು. ಈ ಏರಿನಲ್ಲಿ, ಈ ಬಿಸಿಗೆ, ಗಾಡಿ ಕೂಗಬೇಕಿತ್ತು. ಸೊಳ್ಳೆಬತ್ತಿ ಸುರುಳಿ ಬಾಗಿಲು ತೆರೆಯಲೇಬೇಕಾದ ಜಾಗ ಇದು. ಕೂಗಲಿಲ್ಲ ಅಂದರೆ ಬಾಗಿಲು ತೆರೆದರೂ ಇಳಿಯೋಕೆ ಎಣ್ಣೆಯೇ ಇಲ್ಲ. ನಮ್ಮದು ಕರೆಂಟ್ ಫ್ಯಾನ್ ಅಲ್ಲವಾದ್ದರಿಂದ, ಕೀ ತೆಗೆದು, ಬೆರಳಲ್ಲಿ ರೆಕ್ಕೆಯನ್ನು ತಳ್ಳಿದೆ. ಗಿರಿಗಿಟ್ಲೆ ಥರ ಸುತ್ತು ಮೇಲೆ ಸುತ್ತು ತಿರುಗಿತು. ಎಂಜಿನ್ ಬಿಸಿಯಿದ್ದಾಗ ಅದು ಬಿಗಿಯಾಗಿರಬೇಕಿತ್ತು. ಟಾರ್ಚ್ ಬಿಟ್ಟು ನೋಡಿದರೆ ಕ್ಲಚ್ಚಿನ ನಡುವಿಂದ ಅಂಚಿನವರೆಗೆ ಎಣ್ಣೆ ಜಿನುಗಿ, ಧೂಳು ಮೆತ್ತಿ, ಕಪ್ಪು ಗೆರೆಗಳಾಗಿದ್ದವು. ಒಂದು ವಾರದಿಂದ ಬೆಳಿಗ್ಗೆಯೂ ಸದ್ದಿಲ್ಲದ್ದು ಇದಕ್ಕೇ.

ಮುಕ್ಕಾಲು ಗಂಟೆ ಕಾದು, ಮತ್ತೆ ಎರಡು ಕಡೆ ನಿಂತು, ಸೂರ್ಯಾಸ್ತದ ಜಾಗ ಮುಟ್ಟಿದೆವು. ಅಲ್ಲಿಂದ ತೀರ್ಥಹಳ್ಳಿ ದಾರಿಯಲ್ಲಿ ಗಾಳಿಯೇ ಫ್ಯಾನಿನ ಕೆಲಸ ಮಾಡಿತು. ಅಮ್ಮನ ಕಣ್ಣಿಗೆ ಏನೂ ಆಗಲಿಲ್ಲ. ಇನ್ನೂ ಒಂದು ತಿರುವು ಎಳೆದಿದ್ದರೆ ಎಂಜಿನ್ ಹೆಡ್ ಬಾಗುತ್ತಿತ್ತು ಅಂದರು ಮೇಸ್ತ್ರಿ. ನನ್ನ ತಲೆಯಲ್ಲಿ ಹೆಡ್ಡಿಗಿಂತ ಆ ಸೆರಗೇ ಇತ್ತು, ಈಗಲೂ ಇದೆ.

ಮನೆಯಲ್ಲಿ ಇಂಥ ಗಾಡಿ ಇದ್ದರೆ ಭಾನುವಾರ ಎರಡು ನಿಮಿಷ ಕೊಡಿ. ಎಂಜಿನ್ ಆಫ್ ಇರಲಿ, ತಣ್ಣಗಿರಲಿ. ಫ್ಯಾನನ್ನು ಕೈಯಲ್ಲಿ ತಿರುಗಿಸಿ. ಸ್ವಲ್ಪ ತಡೆದು ತಡೆದು ತಿರುಗಿ ಬೇಗ ನಿಂತರೆ ಸರಿ. ಅಲ್ಲಾಡದಿದ್ದರೆ ಜಾಮ್, ಬಿಟ್ಟ ಮೇಲೂ ಸರಾಗ ತಿರುಗುತ್ತಲೇ ಇದ್ದರೆ ಎಣ್ಣೆ ಹೋಗಿದೆ. ಹಿಂದೆ-ಮುಂದೆ ಅಲುಗಿಸಿದಾಗ ಲೊಡಲೊಡ ಅಂದರೆ ಬೇರಿಂಗು. ಓಡುವ ಫ್ಯಾನಿಗೆ ಪೇಪರ್ ಸುರುಳಿ ಒಡ್ಡಿ ಪರೀಕ್ಷೆ ಮಾಡೋ ಶೂರರಿದ್ದಾರೆ, ಅವರ ಮಾತು ಕೇಳಬೇಡಿ. ಕರೆಂಟ್ ಫ್ಯಾನ್ ಇರುವ ಕಾರಿನಲ್ಲಿ ಕೈ ಹಾಕಲೇಬೇಡಿ, ಆಫ್ ಆಗಿದ್ದರೂ ತಾನಾಗಿ ತಿರುಗಬಹುದು.

ಹೊಸ ಕ್ಲಚ್ ಬಂದ ದಿನ ಅಂಗಡಿ ಹುಡುಗ ಡಬ್ಬವನ್ನು ಅಡ್ಡ ಮಲಗಿಸಿದ್ದ. ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತು. 'ನಿಲ್ಸಿ ಇಡೋ ಮಾರಾಯ, ಮಲಗಿಸಿದ್ರೆ ಎಣ್ಣೆ ಬೇರೆ ಕಡೆ ಇಳಿಯುತ್ತೆ!' ಹಳೆಯದನ್ನು ನಾನು ಕೇಳಿ ಇಸ್ಕೊಂಡೆ. ಬೆಂಗಳೂರಿನ ರೂಮಲ್ಲಿ ಪುಸ್ತಕಗಳಿಗೆ ಒತ್ತಾಗಿ ಕೂತಿದೆ.

ಮೊನ್ನೆ ಬೆಳಿಗ್ಗೆ ಆರಕ್ಕೆ ಅಪ್ಪನ ಫೋನು. ಮಾತಿಲ್ಲ, ಬರೀ 'ಗುಂಯ್ಯ್'. ಫೋನನ್ನು ಬಾನೆಟ್ ಮೇಲೆ ಇಟ್ಟಿದ್ದರು. ಪಕ್ಕದ ಮಂಚದಿಂದ ರೂಮ್‌ಮೇಟ್ ನಿದ್ದೆಗಣ್ಣಲ್ಲೇ ಕೇಳಿದಳು, 'ಏನೇ ಅದು, ನಿಮ್ಮೂರ ಸಿಂಹನಾ?'

ಹೂಂ ಅಂದೆ.