ಬಣ್ಣ ಮೂರು, ರುಚಿ ಒಂದೇ

ಮಕ್ಕಳೇ, ಕಥೆ ಹೇಳುತ್ತಾ ನಿದ್ದೆ ಬಂದು ಕೊನೆಯನ್ನು ಹಾರಿಸಿದರೆ ನನ್ನ ಮೊಮ್ಮಗಳು ಬಿಡುವುದಿಲ್ಲ. "ತಾತ, ಮೋಸ! ಕೋಳಿ ಎತ್ತಿಕೊಂಡು ಕಾಡಿಗೆ ಹೋದ ಅಜ್ಜಿ ಏನಾದಳು?" ಎಂದು ಹೊದಿಕೆ ಎಳೆಯುತ್ತಾಳೆ. ಮೊನ್ನೆ ಹೀಗೆ ಸಿಕ್ಕಿಬಿದ್ದಾಗ, ಕಾಲೇಜಿಗೆ ಹೋಗುವ ಅವಳ ಅಣ್ಣ ನಕ್ಕ. "ತಾತ, ನಿಮ್ಮ ಹಾಗೇ ಒಂದು ದೊಡ್ಡ ಕಂಪನಿಯೂ ಸಿಕ್ಕಿಬಿದ್ದಿತ್ತು."

ಕೆನಡಾದ ಬಯೋವೇರ್ ಕಂಪನಿಯ 'ಮಾಸ್ ಎಫೆಕ್ಟ್' ಎಂಬ ವಿಡಿಯೋ ಗೇಮ್ ಅದು. (ದೊಡ್ಡವರ ಆಟ, ನಿಮಗಲ್ಲ!) ಬಾಹ್ಯಾಕಾಶದ ಕಥೆ, 2007, 2010, 2012ರಲ್ಲಿ ಮೂರು ಭಾಗಗಳಾಗಿ ಬಂತು. ಯಾರನ್ನು ಉಳಿಸಬೇಕು, ಯಾರನ್ನು ನಂಬಬೇಕು ಎಂದು ಆಡುವವರೇ ತೀರ್ಮಾನಿಸಬೇಕು. ಮೊದಲ ಭಾಗದಲ್ಲಿ ಮಾಡಿದ್ದು ಕೊನೆಯ ಭಾಗದಲ್ಲೂ ಲೆಕ್ಕಕ್ಕೆ ಬರುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ಜನ ನಂಬಿ ಐದು ವರ್ಷ ಆಡಿದರು. ಕೊನೆಗೆ ನೋಡಿದರೆ ಮೂರು ದಾರಿ. ಯಾವುದನ್ನು ಹಿಡಿದರೂ ಹೆಚ್ಚುಕಡಿಮೆ ಅದೇ ದೃಶ್ಯ, ಬೆಳಕಿನ ಬಣ್ಣ ಮಾತ್ರ ಕೆಂಪು, ಹಸಿರು ಇಲ್ಲವೇ ನೀಲಿ. ಜೊತೆಗಿದ್ದ ಗೆಳೆಯರು ಏನಾದರು ಎಂಬುದೂ ಸರಿಯಾಗಿ ತಿಳಿಯದು.

ಕೆಲವರು ಬಾಯಿಗೆ ಬಂದಂತೆ ಬೈದರು. ಅದು ನನಗೆ ಹಿಡಿಸಲಿಲ್ಲ. ಇನ್ನು ಕೆಲವರು ಹಣ ಕೂಡಿಸಿ ಸುಮಾರು 400 ಕಪ್‌ಕೇಕ್ ಮಾಡಿಸಿ ಕಂಪನಿಗೆ ಕಳಿಸಿದರು. ಮೇಲೆ ಕೆಂಪು, ಹಸಿರು, ನೀಲಿ ಬಣ್ಣ. ಕಚ್ಚಿದರೆ ಎಲ್ಲವೂ ಬರೀ ವೆನಿಲಾ! ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಆಟಿಕೆ ಕೊಡುವ ಸಂಸ್ಥೆಯೊಂದಕ್ಕೆ 80,000 ಡಾಲರ್‌ವರೆಗೂ ದೇಣಿಗೆ ಕೂಡಿಸಿದವರೂ ಇದೇ ಅಭಿಮಾನಿಗಳು. ಇಂಥ ಜಗಳ ನನಗೆ ಬಹಳ ಇಷ್ಟವಾಯಿತು.

ಅಜ್ಜ ಅಜ್ಜಿಯರೇ, ನಿಮಗೆ ಷರ್ಲಾಕ್ ಹೋಮ್ಸ್ ನೆನಪಿರಬೇಕು. 1893ರಲ್ಲಿ ಕಾನನ್ ಡಾಯ್ಲ್ ಅವನನ್ನು ಜಲಪಾತಕ್ಕೆ ಬೀಳಿಸಿದಾಗ ಓದುಗರು ಸಿಟ್ಟಾಗಿ ಪತ್ರಿಕೆಯ ಚಂದಾ ನಿಲ್ಲಿಸಿದರು. 1903ರಲ್ಲಿ ಹೋಮ್ಸ್ ಮತ್ತೆ ಬದುಕಿ ಬಂದ. ಅಲ್ಲಿ ನಾನು ಡಾಯ್ಲ್ ಪಕ್ಷ. ಹೋಮ್ಸ್ ಸಾಯುವುದಿಲ್ಲವೆಂದು ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲವಲ್ಲ! ಆಟದ ಕಂಪನಿ ಮಾತು ಕೊಟ್ಟಿತ್ತು.

2012ರ ಜೂನ್‌ನಲ್ಲಿ ಕಂಪನಿ ಒಂದು ಹೆಚ್ಚಿನ ಭಾಗವನ್ನು ಪುಕ್ಕಟೆಯಾಗಿ ಕೊಟ್ಟಿತು. ಕೊನೆಯನ್ನು ಬದಲಿಸಲಿಲ್ಲ; ಯಾರು ಏನಾದರು ಎಂದು ಬಿಡಿಸಿ ತೋರಿಸಿತು. ಎಲ್ಲರಿಗೂ ಸಮಾಧಾನವಾಗಲಿಲ್ಲ.

ನಾನೂ ಎದ್ದು ಕೂತು ಕಥೆ ಮುಗಿಸಿದೆ. ಅಜ್ಜಿಯ ಕೋಳಿ ಕೂಗದಿದ್ದರೂ ಊರಿಗೆ ಬೆಳಗಾಯಿತು.

"ಪಾಪ, ಬೇರೆ ಥರ ಹೇಳಿ ತಾತ."

"ಅದಾಗಲ್ಲ ಪುಟ್ಟಿ. ಕಾಡಿನಲ್ಲಿ ಅಜ್ಜಿ ಏನು ಊಟ ಮಾಡಿದಳು, ಬೇಕಾದರೆ ಹೇಳ್ತೀನಿ."

"ಹೂಂ, ಹೇಳಿ."